ಹಲಗೆಯ ಮೇಲಿನ ಮಧ್ಯಾಹ್ನ

‘ಸ್ವಂತ ವಿಚಾರ ಬರೆಯಿರಿ’ ಎಂದು ಕೆಂಪು ಶಾಯಿಯಲ್ಲಿ ಬರೆದು, ಟಾಕನ್ನು ಮತ್ತೆ ದೌತಿಗೆ ಅದ್ದಲು ಹೋದ ತಾರಾಬಾಯಿಯ ಕೈ ಅರ್ಧಕ್ಕೇ ನಿಂತಿತು. ಬೆಳಗಿನಿಂದ ತಿದ್ದಿದ ಪ್ರತಿಯೊಂದು ನಿಬಂಧದ ಬುಡದಲ್ಲೂ ಅವಳು ಬರೆದದ್ದು ಹೆಚ್ಚು ಕಡಿಮೆ ಇದೇ ಮಾತು. ಕೆಲವು ಕಡೆ ‘ಅಸ್ಪಷ್ಟ’, ಕೆಲವು ಕಡೆ ‘ಇನ್ನೂ ಚೆನ್ನಾಗಿ’. ಟ್ರೇನಿಂಗ್ ಶಾಲೆಯ ಹೆಣ್ಣುಮಕ್ಕಳಿಗೆ ಅವಳು ಕೊಟ್ಟಿದ್ದ ವಿಷಯ ‘ಒಂದು ಮಧ್ಯಾಹ್ನ’. ಪರೀಕ್ಷೆ ಮುಗಿದ ಮೇಲೆ ಹಳ್ಳಿಹಳ್ಳಿಗೆ ಹೋಗಿ ಮಕ್ಕಳಿಗೆ ಅಕ್ಷರ ಕಲಿಸಬೇಕಾದ ಇವರು ಒಬ್ಬರ ಹಿಂದೊಬ್ಬರಂತೆ ‘ಮಧ್ಯಾಹ್ನವೆಂಬುದು ದಿವಸದ ಒಂದು ಮುಖ್ಯ ಭಾಗವಾಗಿದೆ’ ಎಂದು ಶುರುಮಾಡಿ, ಸೂರ್ಯದೇವನ ಉಪಕಾರ ನೆನೆದು, ಆಲಸ್ಯ ಕೆಟ್ಟದ್ದೆಂದು ಮುಗಿಸಿದ್ದರು. ಗರಗದ ಈರವ್ವ ಮಾತ್ರ ಎರಡೇ ಸಾಲು ಬರೆದಿದ್ದಳು: ‘ಮಧ್ಯಾಹ್ನ ಬಿಸಲು ಇರುತ್ತದೆ. ಎಲ್ಲರೂ ಊಟ ಮಾಡುತ್ತಾರೆ.’ ಅದರ ಕೆಳಗೆ ಪುಟವೆಲ್ಲ ಬಿಳಿ. ಆ ಬಿಳಿಯ ಮೇಲೆ ‘ಸ್ವಂತ ವಿಚಾರ’ ಎಂದು ಬರೆಯಹೋದರೆ ತಾರಾಬಾಯಿಗೆ ನಿನ್ನೆಯ ನಗೆ ಮತ್ತೆ ಕೇಳಿಸಿತು. ಈರವ್ವ ಎದ್ದು ನಿಂತು, ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಕೇಳಿದ್ದಳು: “ಬಾಯಾರ, ಸ್ವಂತ ಅಂದ್ರ ಹೆಂಗಿರತೈತ್ರಿ? ಒಮ್ಮೆ ತೋರಿಸಿದ್ರ ನಾನೂ ಹಂಗ ಬರೀತಿದ್ನಿ.” ಯಾರೋ ಕಿಸಕ್ಕೆಂದರು. ತಾರಾಬಾಯಿ ಎಂದಿದ್ದಳು: “ಸ್ವಂತದ್ದನ್ನ ಇನ್ನೊಬ್ಬರು ತೋರಸ್ಲಿಕ್ಕೆ ಬರ್ತದೇನು? ಕೂಡು.” ಆಗ ಇಡೀ ವರ್ಗ ನಕ್ಕಿತು. ತನ್ನ ಮಾತು ಚುರುಕಾಗಿತ್ತೆಂದು ಅರೆಗಳಿಗೆ ಅವಳಿಗೆ ಹಿಗ್ಗೂ ಆಗಿತ್ತು. ಈಗ ಧಾರವಾಡದ ಮಾಳಮಡ್ಡಿಯ ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ, ಹುಬ್ಬಳ್ಳಿಯ ಗಾಡಿ ಕೂಗಿ ಹೋದ ಮೇಲೆ ಉಳಿದ ನಿಶ್ಶಬ್ದದಲ್ಲಿ, ಆ ಹಿಗ್ಗು ನಾಲಗೆಗೆ ಅಂಟಿದ ಕಹಿಯಂತೆ ಹೋಗಲೊಲ್ಲದು.

ಕೇಳಿದ್ದರಲ್ಲಿ ತಪ್ಪೇನಿತ್ತು? ಹನ್ನೆರಡರ ವಯಸ್ಸಿನಲ್ಲಿ ಹುಬ್ಬಳ್ಳಿಯ ಅತ್ತೆಯ ಅಡಿಗೆಮನೆ ಹೊಕ್ಕಾಗ ತಾನೂ ಹೀಗೇ ನಿಂತಿರಲಿಲ್ಲವೆ? ಅತ್ತೆ ಕಟ್ಟೆಯ ಮೇಲೆ ಕುಳಿತು “ಕಣಕ ಕಲಸು” ಅನ್ನುವರು. ಕಲಸಿದರೆ ಬೆರಳಿನಿಂದ ಒತ್ತಿ ನೋಡಿ “ಹಿಂಗಲ್ಲ” ಅನ್ನುವರು. ನೀರು ಹೆಚ್ಚಾಯಿತೋ, ಎಣ್ಣೆ ಕಡಿಮೆಯೋ, ನಾದಿದ್ದು ಸಾಲದೋ ಹೇಳುವವರಲ್ಲ. ತಾವೊಮ್ಮೆ ಕಲಸಿ ತೋರಿಸಿದವರೂ ಅಲ್ಲ. ಮತ್ತೆ ಕಲಸಿದರೆ ಮತ್ತೆ “ಹಿಂಗಲ್ಲ.” ಆ ಮನೆಯಲ್ಲಿದ್ದಷ್ಟು ವರ್ಷವೂ ಹೋಳಿಗೆ ಮಾಡುವ ದಿನ ಬಂತೆಂದರೆ ಅವಳು ಬೇರೆ ಕೆಲಸದ ನೆವ ಹುಡುಕಿ ಹಿತ್ತಲಿಗೆ ಹೋಗುತ್ತಿದ್ದಳು. ಗಂಡ ಹೋದ ಮೇಲೆ, ಅಣ್ಣ ವೆಂಕಣ್ಣ ಕರೆದುತಂದು ಓದಿಸಿದ ಮೇಲೆ, ಇನ್ನು ಯಾರೂ ತನಗೆ ಹಿಂಗಲ್ಲ ಅನ್ನಲಾರರೆಂದು ಅವಳು ಸಮಾಧಾನ ಪಟ್ಟುಕೊಂಡಿದ್ದಳು. ಕೆಂಪು ಶಾಯಿಯ ಟಾಕನ್ನು ಅವಳು ದೌತಿಯ ಪಕ್ಕಕ್ಕಿಟ್ಟು, ಈರವ್ವನ ಪುಟದ ಮೇಲೆ ಏನೂ ಬರೆಯದೆ ಎದ್ದಳು. ತೋರಿಸಬೇಕು, ಎಂದುಕೊಂಡಳು. ತೋರಿಸದೆ ಕೇಳುವ ಅಧಿಕಾರ ತನಗಿಲ್ಲ.

ಹೇಗೆ ತೋರಿಸಬೇಕೆಂಬುದು ಮಾತ್ರ ಅವಳಿಗೂ ತಿಳಿದಿರಲಿಲ್ಲ. ಹಿಂದಿನ ವರ್ಷ ಪಾಸಾಗಿ ಹೋದ ಮೃಣಾಲಿನಿ ಎಂಬ ವಕೀಲರ ಮಗಳು ‘ನಮ್ಮ ಅಜ್ಜಿ’ ಎಂದು ಬರೆದ ನಿಬಂಧ ಕಪಾಟಿನಲ್ಲಿತ್ತು. ಚಂದದ ಬರಹ. ಕಣ್ಣಿಗೆ ಬಂಗಾರದ ಕಟ್ಟಿನ ಚಾಳೀಸು ಹಾಕಿಕೊಂಡು ತೂಗುಮಂಚದ ಮೇಲೆ ಕುಳಿತು ಪುರಾಣ ಓದುವ ಅಜ್ಜಿ, ಓದುತ್ತ ಓದುತ್ತ ನಿದ್ದೆ ಹೋಗುವ ಅಜ್ಜಿ, ನಿದ್ದೆಯಲ್ಲೂ ಪುಟ ತಿರುವುವ ಅವಳ ಬೆರಳು. ತಾರಾಬಾಯಿ ಅದನ್ನು ವರ್ಗದಲ್ಲಿ ನಿಧಾನವಾಗಿ ಓದಿದಳು. “ಹಿಂಗಿರಬೇಕು ನೋಡ್ರಿ. ನಿಮಗ ಬೇಕಾದವರೊಬ್ಬರ ಬಗ್ಗೆ ಬರಕೊಂಡು ಬರ್ರಿ” ಎಂದಳು. ಹೆಣ್ಣುಮಕ್ಕಳೆಲ್ಲ ತಲೆಯಾಡಿಸಿದರು. ಈರವ್ವನ ಮುಖದಲ್ಲಿ ಮೊದಲ ಸಲ ಗಂಟು ಬಿಚ್ಚಿದ ಹಾಗಿತ್ತು. ಮರುದಿನ ಬಂದ ನಿಬಂಧಗಳನ್ನು ಓದುತ್ತ ಹೋದಂತೆ ತಾರಾಬಾಯಿಯ ಕಿವಿ ಬಿಸಿಯಾಗತೊಡಗಿತು. ಎಲ್ಲರಿಗೂ ಅಜ್ಜಿ. ಎಲ್ಲ ಅಜ್ಜಿಯರಿಗೂ ಬಂಗಾರದ ಕಟ್ಟಿನ ಚಾಳೀಸು. ಧಾರವಾಡ ಜಿಲ್ಲೆಯ ಅಷ್ಟೂ ಹಳ್ಳಿಗಳಲ್ಲಿ ಅಜ್ಜಿಯರು ತೂಗುಮಂಚದ ಮೇಲೆ ಕುಳಿತು ಪುರಾಣ ಓದುತ್ತ ನಿದ್ದೆ ಹೋಗಿದ್ದರು. ಅವಳು ಈರವ್ವನನ್ನು ಕರೆದು ಕೇಳಿದಳು: “ನಿಮ್ಮಜ್ಜಿಗೆ ಓದಲಿಕ್ಕೆ ಬರ್ತಿತ್ತೇನು?”

“ನಮ್ಮಜ್ಜೀನ್ನ ನಾ ನೋಡಿಲ್ರಿ. ನಾ ಹುಟ್ಟೂಕಿಂತ ಮೊದಲ ಸತ್ತಿದ್ಳು.”

“ಮತ್ತ ಇದು ಯಾರ ಅಜ್ಜಿ?”

“ನೀವು ಓದಿದ್ರೆಲ್ರಿ, ಆ ಅಜ್ಜಿ” ಎಂದಳು ಈರವ್ವ. ಅವಳ ದನಿಯಲ್ಲಿ ಮೋಸವಿರಲಿಲ್ಲ. ಹಿಂಗಿರಬೇಕು ಎಂದರು, ಹಾಗೇ ಮಾಡಿ ತಂದಿದ್ದಾಳೆ. ಈಗ ಬಾಯಾರು ಯಾಕೆ ಹೀಗೆ ನೋಡುತ್ತಾರೆ?

ಹೆಡ್‌ಮಾಸ್ತರ್ ಪಂಢರಿನಾಥರಾಯರು ಅಷ್ಟರಲ್ಲಿ ಆ ಕಟ್ಟಿನಿಂದ ನಾಲ್ಕಾರನ್ನು ಎತ್ತಿಕೊಂಡು ಮಾಸ್ತರರ ಕೋಣೆಯಲ್ಲಿ ಓದಿ ಹೇಳಿದ್ದರು. ಗಣಿತದ ಬಿಂದುಮಾಧವ ಮಾಸ್ತರರು ಚಹದ ಬಶಿ ಕೆಳಗಿಟ್ಟು, “ಇಷ್ಟು ಚಾಳೀಸು ಮಾಡಬೇಕಾದ್ರ ಕೋಲಾರದ ಬಂಗಾರ ಸಾಲೂದಿಲ್ಲ” ಎಂದು ಕಣ್ಣೊರೆಸಿಕೊಂಡರು. ಬಾಗಿಲಲ್ಲಿ ಬಂದು ನಿಂತ ತಾರಾಬಾಯಿಯನ್ನು ಕಂಡು ಎಲ್ಲರೂ ಸುಮ್ಮನಾದರು. ಆ ಸುಮ್ಮನಾಗುವಿಕೆಯಲ್ಲಿದ್ದ ಮರ್ಯಾದೆ ನಗುವಿಗಿಂತ ಹೆಚ್ಚು ಚುಚ್ಚಿತು. ರಾಯರು ಕೆಟ್ಟವರಲ್ಲ. ವೆಂಕಣ್ಣನ ಗೆಳೆಯರು; ಕುಂಕುಮವಿಲ್ಲದ ಹೆಣ್ಣುಮಗಳಿಗೆ ನೌಕರಿ ಕೊಟ್ಟರೆ ಊರು ಏನೆಂದೀತು ಎಂದು ಕಮಿಟಿಯವರು ಎಳೆದಾಡಿದಾಗ ಅವಳ ಪರವಾಗಿ ನಿಂತವರು. ಅವರು ಅವಳನ್ನು ತಮ್ಮ ಕೋಣೆಗೆ ಕರೆದು ನಶ್ಯ ಏರಿಸಿ, ಮೆಲ್ಲಗೆ ಹೇಳಿದರು: “ತಾರಾಬಾಯಿ, ನಮೂನಿ ತೋರಸೋದಂದ್ರ ಉತ್ತರ ಕೊಟ್ಟಂಗ. ಹುಡುಗ್ಯಾರು ಗಿಣಿ ಆಗ್ತಾರ. ಬರೂವರಿಗೆ ಬರ್ತದ, ಬಾರದವರಿಗೆ ಬರೂದಿಲ್ಲ. ಆ ಗರಗದಾಕಿ ಹೋದ ವರ್ಷನೂ ನಪಾಸ. ಸೋಮವಾರ ಪರೀಕ್ಷಾಕ್ಕ ಹೆಸರು ಕಳಸಬೇಕು. ಆಕೀ ಹೆಸರು ಈ ಸಲ ಬಿಡೋಣಂತೀನಿ. ಸಾಲೀ ಹೆಸರರೆ ಉಳೀತದ.”

“ಹೆಸರು ಬಿಟ್ರ ಆಕೀ ಸ್ಕಾಲರ್‌ಶಿಪ್ಪೂ ಹೋಗ್ತದರಿ. ಊರಿಗೇ ಹೋಗಬೇಕು.”

“ಊರಾಗ ಆಕೀ ಮಂದಿ ಇದ್ದಾರಲ್ಲ.”

ಕಿಟಕಿಯಾಚೆ ಹೆಣ್ಣುಮಕ್ಕಳು ಬಾವಿಯ ಹತ್ತಿರ ತಂಬಿಗೆ ತೊಳೆಯುತ್ತಿದ್ದರು. ಈರವ್ವ ಒಬ್ಬಳೇ ದೂರ ನಿಂತು, ನೆಲದ ಮೇಲೆ ಕಾಲ ಹೆಬ್ಬೆರಳಿನಿಂದ ಏನೋ ಗೀರುತ್ತಿದ್ದಳು. ತಾರಾಬಾಯಿ ಅತ್ತ ನೋಡುತ್ತಲೇ ಹೇಳಿದಳು: “ಶನಿವಾರ ಇನ್ನೊಮ್ಮೆ ತೋರಸ್ತೀನ್ರಿ. ಬ್ಯಾರೆ ರೀತಿಯಿಂದ. ನೀವೂ ಬಂದು ಕೂಡ್ರಿ. ಆಮ್ಯಾಲೆ ಹೆಸರು ತಗೀರಿ.” ರಾಯರು ನಶ್ಯದ ಡಬ್ಬಿ ಮುಚ್ಚುತ್ತ, ಬಂದರಾಯಿತು ಎಂದರು. ಹೊರಗೆ ಬಂದ ಮೇಲೆ ತನ್ನನ್ನೇ ಕೇಳಿಕೊಂಡಳು. ಬ್ಯಾರೆ ರೀತಿ ಎಂದರೆ ಯಾವ ರೀತಿ? ಆದರೆ ಆಡಿಬಿಟ್ಟ ಮಾತು ಅವಳ ಬೆನ್ನನ್ನು ನೆಟ್ಟಗೆ ಹಿಡಿದಿತ್ತು.

ಮರುದಿನ ಶಾಲೆಗೆ ಸೂಟಿ. ಊಟವಾದ ಮೇಲೆ ಅವಳು ಕಾಗದ ಮುಂದಿಟ್ಟುಕೊಂಡು ಕುಳಿತಳು. ನಮೂನೆ ತಾನೇ ಬರೆಯಬೇಕೆಂದು ಅಷ್ಟರಲ್ಲಿ ಗೊತ್ತು ಮಾಡಿಕೊಂಡಿದ್ದಳು. ವಿಷಯ ಅದೇ, ‘ಒಂದು ಮಧ್ಯಾಹ್ನ’. ‘ಗ್ರೀಷ್ಮದ ಪ್ರಖರನಾದ ಸೂರ್ಯನು ಆಕಾಶದ ನಡುನೆತ್ತಿಯನ್ನು ಅಲಂಕರಿಸಿದ್ದನು. ಪಶುಪಕ್ಷಿಗಳು ವೃಕ್ಷಗಳ ಶೀತಲ ಛಾಯೆಯಲ್ಲಿ ವಿಶ್ರಮಿಸುತ್ತಿದ್ದವು.’ ಟಾಕು ತಡೆಯಿಲ್ಲದೆ ಓಡಿತು. ಪುಟ ತುಂಬಿದಾಗ, ಅವಳು ವೈನಿ ಎಂದು ಕರೆಯುವ ಅತ್ತಿಗೆ ಕಾಶೀಬಾಯಿ ಮಜ್ಜಿಗೆ ತಂದಿಟ್ಟಳು. ತಾರಾಬಾಯಿ ಓದಿ ಹೇಳಿದಳು. ಕಾಶೀಬಾಯಿ ಲಕ್ಷ್ಯಗೊಟ್ಟು ಕೇಳಿ, “ಭಾಳ ಛಲೋ ಅದ ತಾರಾ. ಯಾವ ಪುಸ್ತಕದಾಗಿಂದು?” ಎಂದಳು. ಮೆಚ್ಚಿಯೇ ಕೇಳಿದ್ದಳು. ಅವಳು ಹೋದ ಮೇಲೆ ತಾರಾಬಾಯಿ ಆ ಪುಟವನ್ನು ಮತ್ತೆ ಓದಿದಳು. ಎಲ್ಲಿಯ ವೃಕ್ಷ? ಯಾವ ಪಕ್ಷಿ? ಬೇರೆಯವರ ನಿಬಂಧಗಳ ಕೆಳಗೆ ವರ್ಷಗಟ್ಟಲೆ ‘ಸ್ವಂತ ವಿಚಾರ’ ಎಂದು ಬರೆದ ಕೈಗೆ ತನ್ನದೆನ್ನುವ ಒಂದು ಮಧ್ಯಾಹ್ನ ಇರಲಿಲ್ಲ. ಇರಲಿಲ್ಲವೆ? ಹಿತ್ತಲಿನಲ್ಲಿ ಬಟ್ಟೆ ಒಣಗಿ ಗಾಳಿಗೆ ಪಟಪಟಿಸುತ್ತಿತ್ತು. ಕೋಣೆಯ ಮೂಲೆಯಲ್ಲಿ ಹಳೆಯ ಸೀರೆಯ ತುಂಡುಗಳಿಂದ ಅವಳು ಹೊಲಿಯುತ್ತಿದ್ದ ಕೌದಿ ಮಡಿಸಿಟ್ಟಿತ್ತು. ಅದರ ಮೇಲೆ ಕಣ್ಣು ಬಿದ್ದದ್ದೇ ತಡ, ಹೋದ ಶುಕ್ರವಾರದ ಮಧ್ಯಾಹ್ನ ಕರೆಯದೆ ಬಂದು ಎದುರಿಗೆ ಕುಳಿತಿತು. ಅವಳು ಮೋರೆ ತಿರುಗಿಸಿದಳು. ಅದನ್ನು ಬರೆಯುವುದೆ? ಹೆಣ್ಣುಮಕ್ಕಳೆದುರು, ರಾಯರೆದುರು? ಅದರಲ್ಲೂ ರಾಯರೆದುರು? ಮಜ್ಜಿಗೆಯ ಮೇಲೆ ನೊಣ ಬಂದು ಕೂತಿತು. ಅವಳು ಎರಡನೆಯ ಹಾಳೆ ತೆಗೆದುಕೊಳ್ಳಲಿಲ್ಲ. ಮನೆಯಲ್ಲಿ ಬರೆದು ಒಯ್ದರೆ ತಾನು ಅದನ್ನು ತೊಳೆದು ಇಸ್ತ್ರಿ ಮಾಡಿಯೇ ಒಯ್ಯುತ್ತೇನೆಂದು ಅವಳಿಗೆ ಗೊತ್ತಿತ್ತು.

ಶನಿವಾರ ರಾಯರು ಹೇಳಿದಂತೆ ಬಂದು, ವರ್ಗದ ಹಿಂದೆ ಗೋಡೆಗೆ ಕುರ್ಚಿ ಹಾಕಿಸಿಕೊಂಡು ಕುಳಿತರು. ಹೆಣ್ಣುಮಕ್ಕಳು ಬೆನ್ನು ಸೆಟೆಸಿ ಕೂತರು. ತಾರಾಬಾಯಿ ಮೊದಲು ತಾನು ಬರೆದ ‘ಪ್ರಖರನಾದ ಸೂರ್ಯ’ವನ್ನು ಓದಿದಳು. “ಇದು ನಾ ಬರದದ್ದು. ಹೆಂಗದ ಹೇಳ್ರಿ.” ಒಬ್ಬಳು ಭಾಳ ಚಂದ ಅದರಿ ಎಂದಳು, ಇನ್ನೊಬ್ಬಳು ಶಬ್ದ ಛಲೋ ಅವರಿ ಎಂದಳು. “ಇದು ಯಾವ ಊರಿನ ಮಧ್ಯಾಹ್ನ? ಯಾರಿದ್ರು ಅಲ್ಲೆ?” ಬಾಯಾರು ಬರೆದದ್ದಕ್ಕೆ ಐಬು ಹೇಳುವುದುಂಟೆ? ತಡೆದು ತಡೆದು ಈರವ್ವನ ದನಿ ಬಂತು: “ಯಾರೂ ಇಲ್ರಿ ಅದರಾಗ. ಯಾರ ಮನ್ಯಾಗರ ಇಟ್ರ ಕೂಡತೈತಿ.” ಈ ಸಲ ಯಾರೂ ನಗಲಿಲ್ಲ, ನಗಬೇಕೋ ಬೇಡವೋ ತಿಳಿಯದೆ ತಾರಾಬಾಯಿಯ ಮುಖ ನೋಡಿದರು. “ಖರೇ ಹೇಳಿದಿ” ಎಂದಳು ತಾರಾಬಾಯಿ. “ಹಂಗಂತ ಇದು ತಪ್ಪೇನಲ್ಲ. ಒಂದೂ ವ್ಯಾಕರಣ ದೋಷ ಇಲ್ಲ. ಆದ್ರ ಇದರಾಗ ನಾ ಇಲ್ಲ. ಈಗ ನಾ ಇರೂ ಹಂಗ ಒಂದು ಬರೀತೀನಿ. ಮನ್ಯಾಗ ಬರಕೊಂಡು ಬಂದಿಲ್ಲ. ಹೆಂಗ ಬರೀತೀನಿ, ಎಲ್ಲೆ ತಪ್ಪತೀನಿ, ಯಾಕ ಅಳಸ್ತೀನಿ, ನೋಡ್ರಿ.”

ಅವಳು ಹಲಗೆಯ ಕಡೆ ತಿರುಗಿದಳು. ಬಳಪ ಹಿಡಿದ ಕೈ ಕರಿಹಲಗೆಗೆ ತಾಗಿದಾಗ ಬೆನ್ನಿನ ಮೇಲೆ ಅಷ್ಟೂ ಕಣ್ಣುಗಳು ಬಿದ್ದದ್ದು ಅವಳಿಗೆ ಬಿಸಿಲಿನಂತೆ ತಿಳಿಯಿತು. ‘ಹೋದ ಶುಕ್ರವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಚೈತ್ರಗೌರಿಯ ಅರಿಷಿಣ-ಕುಂಕುಮವಿತ್ತು’ ಎಂದು ಬರೆದಳು. ಮುಂದಿನ ಸಾಲಿಗೆ ‘ಮುತ್ತೈದೆಯರ ಕಲರವದಿಂದ ಮನೆಯು’ ಎಂದು ಬರೆದು, ನಿಂತು, ಅಂಗೈಯಿಂದ ಅಳಿಸಿದಳು. “ಕಲರವ ಅಂತ ನಮ್ಮನ್ಯಾಗ ಯಾರೂ ಅನ್ನೂದಿಲ್ಲ” ಎಂದಳು, ಹಲಗೆಗೇ ಹೇಳುವವಳಂತೆ. ‘ಹೆಂಗಸರ ಬಳೆ ಸದ್ದು ಹಿಂದಿನ ಕೋಣೆಗೆ ಕೇಳುತ್ತಿತ್ತು. ನಾನು ಅಲ್ಲಿ ಬಾಗಿಲು ಅರ್ಧ ಮುಚ್ಚಿಕೊಂಡು ಕುಳಿತಿದ್ದೆ.’ ಇಲ್ಲಿಯವರೆಗೆ ಸುಲಭ. ಇಲ್ಲಿಯೇ ನಿಲ್ಲಿಸಿದರೂ ನಡೆದೀತು. ಹಿಂದೆ ರಾಯರ ಕುರ್ಚಿ ಕಿರುಗುಟ್ಟಿತು. ಆ ದಿನ ಪಡಸಾಲೆಯಲ್ಲಿ ಮೊದಲ ಕುಂಕುಮ ಹಚ್ಚಿಸಿಕೊಂಡವರು ರಾಯರ ಹೆಂಡತಿ. ‘ಬಂದವರೊಬ್ಬರು, ತಾರಾಬಾಯಿ ಎಲ್ಲಿ, ಎಂದು ಕೇಳಿದರು. ನಮ್ಮ ವೈನಿ, ಅವಳು ಸಾಲಿಗೆ ಹೋಗ್ಯಾಳ, ಎಂದರು.’ ಬಳಪ ಕಟ್ಟೆಂದು ಮುರಿಯಿತು. ತುಂಡನ್ನು ಬಗ್ಗಿ ಎತ್ತಿಕೊಂಡು ಅವಳು ಮುಂದುವರಿದಳು. ‘ನನಗೆ ಬಹಳ ದುಃಖವಾಯಿತು.’ ಅದನ್ನು ಬರೆದು ಹಿಂದೆ ಸರಿದು ನೋಡಿದಳು. ತಿರುಗಿ ಕೇಳಿದಳು: “ಈ ಸಾಲು ಇರಲ್ಯೋ ಬ್ಯಾಡೋ?”

ಮುಂದಿನ ಬೆಂಚಿನ ಹುಡುಗಿಯೊಬ್ಬಳ ಕಣ್ಣು ತುಂಬಿತ್ತು. ಕಾಳವ್ವ ಎಂಬ ಹಿರಿಯ ಹೆಣ್ಣುಮಗಳು, ಎರಡು ಮಕ್ಕಳ ತಾಯಿ, ನಿಧಾನವಾಗಿ ಹೇಳಿದಳು: “ಬ್ಯಾಡ್ರಿ. ದುಃಖ ಆತು ಅಂದ್ರ ಮುಗಿದ ಹೋತು. ಅವಾಗ ನೀವು ಏನ್ ಮಾಡಿದ್ರಿ, ಅದನ್ನ ಬರೀರಿ.” ತಾರಾಬಾಯಿ ಆ ಸಾಲನ್ನು ಅಳಿಸಲಿಲ್ಲ, ಅಡ್ಡಗೆರೆ ಎಳೆದು ಹಾಗೇ ಬಿಟ್ಟಳು, ಎಲ್ಲರಿಗೂ ಕಾಣಲೆಂದು. ಕೆಳಗೆ ಬರೆದಳು: ‘ನಾನು ಹೊಲಿಯುತ್ತಿದ್ದ ಕೌದಿಯನ್ನು ತೆಗೆದು ಒಂದು ಅಂಚಿನ ಹೊಲಿಗೆಯನ್ನೆಲ್ಲ ಬಿಚ್ಚಿದೆ. ಹೊಲಿಗೆ ಚೆನ್ನಾಗಿಯೇ ಇತ್ತು. ಬಂದವರು ಕೋಸಂಬರಿ ತಿಂದು, ಪಾನಕ ಕುಡಿದು, ಹೋಗುವವರೆಗೆ ಬಿಚ್ಚಿದೆ. ಅವರು ಹೋದ ಮೇಲೆ ವೈನಿ ನನ್ನ ಪಾಲಿನ ಕೋಸಂಬರಿ ತಂದು ಕೊಟ್ಟರು. ತಿಂದೆ. ಉಪ್ಪು ಸರಿಯಾಗಿತ್ತು. ಆಮೇಲೆ ಅಂಚನ್ನು ಮತ್ತೆ ಹೊಲಿದೆ.’ ಚುಕ್ಕೆ ಇಟ್ಟಳು. ಇನ್ನೂ ಏನೋ ಬರೆಯಬೇಕೆಂದು, ಒಂದು ನೀತಿಯ ಸಾಲು, ಒಂದು ಮುಕ್ತಾಯ, ಕೈ ತಾನಾಗಿಯೇ ಮೇಲೆದ್ದಿತು. ಅವಳು ಅದನ್ನು ಕೆಳಗಿಳಿಸಿದಳು. ಸೀರೆಯ ಮುಂಭಾಗವೆಲ್ಲ ಬಳಪದ ಬಿಳಿ ಹಿಟ್ಟು. “ಇದನ್ನ ಬರಕೋಬ್ಯಾಡ್ರಿ” ಎಂದಳು. “ಈ ಶುಕ್ರವಾರ ನಂದು. ನಿಮಗ ಅರಿಷಿಣ-ಕುಂಕುಮ ಬ್ಯಾಡ, ಕೌದಿ ಬ್ಯಾಡ. ಏನು ತಗೋಬೇಕಂದ್ರ ಇಷ್ಟ: ಎಲ್ಲೆ, ಯಾವಾಗ, ಯಾರು ಏನಂದ್ರು, ನೀವು ಏನ್ ಮಾಡಿದ್ರಿ. ಹೇಳಲಿಕ್ಕೆ ನಾಚಿಕಿ ಬರೂ ಜಾಗಾದಾಗ ಒಂದೀಟು ನಿಂದರ್ರಿ, ಓಡಿ ಹೋಗಬ್ಯಾಡ್ರಿ.” ಅಳಿಸುವ ಬಟ್ಟೆಯನ್ನು ಅವಳು ಮುಟ್ಟಲಿಲ್ಲ. ಹಲಗೆ ತಾಸೆಲ್ಲ ಹಾಗೇ ಇತ್ತು. ಟಾಕುಗಳು ಕೆರೆಯುವ ಸದ್ದು, ಮಾವಿನ ಮರದಲ್ಲಿ ಕಾಗೆ, ಹಿಂದೆ ರಾಯರು ಕೆಮ್ಮಿ ಎದ್ದು ಹೊರಗೆ ಹೋದದ್ದು, ಎಲ್ಲ ಅವಳಿಗೆ ದೂರದಿಂದ ಕೇಳಿಸಿದಂತಿತ್ತು.

ವರಾಂಡದಲ್ಲಿ ರಾಯರು ಕಾದಿದ್ದರು. ಅವಳ ಕಣ್ಣು ತಪ್ಪಿಸಿ ಹೇಳಿದರು: “ಅಷ್ಟು ಬರೀಬೇಕಾಗಿದ್ದಿಲ್ಲ. ನಮ್ಮ ಮನಿಯಾಕಿನೂ ಇದ್ಳು ಅವತ್ತ.”

“ಹೆಸರು ಬರದಿಲ್ರಿ.”

“ಬರದಿಲ್ಲ ಖರೆ.” ಅವರು ಟೊಪ್ಪಿಗೆ ಸರಿಮಾಡಿಕೊಂಡರು. “ನಿಮ್ಮನ್ನ ಕೇಳಿದಾಕಿ ಆಕಿನ?”

“ಹೌದ್ರಿ. ಮನಃಪೂರ್ವಕ ಕೇಳಿದ್ರು.”

ರಾಯರು ತಮ್ಮ ಕೋಣೆಯ ಕಡೆ ಹೋದರು. ಸಂಜೆಯ ಹೊತ್ತಿಗೆ ಸುದ್ದಿ ಮಾಳಮಡ್ಡಿಗೆ ಮುಟ್ಟಿತ್ತು. ಕಾಶೀಬಾಯಿ ಅಕ್ಕಿ ಆರಿಸುತ್ತ ತಲೆಯೆತ್ತದೆ ಹೇಳಿದಳು: “ನನ್ನ ಹಲಗೀ ಮ್ಯಾಲೆ ಬರದ್ಯಂತ. ಮಂದಿ ಎದುರಿಗೆ ನಿನಗ ಕೆಡಕನಿಸಬಾರದಂತನ ಹಂಗ ಹೇಳಿದ್ದೆ ನಾ.” ತಾರಾಬಾಯಿ, ಗೊತ್ತದ ವೈನಿ, ಎಂದಳು. ಗೊತ್ತಿದ್ದದ್ದು ನಿಜ. ಆದರೆ ಕ್ಷಮಿಸು ಅನ್ನಲಿಲ್ಲ; ಬರೆದದ್ದನ್ನು ಅಳಿಸುವ ಮನಸ್ಸು ಅವಳಿಗಿರಲಿಲ್ಲ. ಕಾಶೀಬಾಯಿ ಅವಳಿಗೆ ತಾಟು ಬಡಿಸಿದಳು, ತುಪ್ಪ ಹಾಕಿದಳು, ಮಾತು ಮಾತ್ರ ಆಡಲಿಲ್ಲ. ಆ ಮೌನದ ಎದುರು ಕುಳಿತು ಉಣ್ಣುವುದು ಹಲಗೆಯ ಎದುರು ನಿಲ್ಲುವುದಕ್ಕಿಂತ ಕಷ್ಟವಾಗಿತ್ತು. ಆದರೂ ತಾರಾಬಾಯಿ ಅಡಿಗೆಮನೆಯಿಂದ ಏಳದೆ ಕೊನೆಯ ತುತ್ತಿನವರೆಗೆ ಉಂಡಳು.

ಈರವ್ವನ ನಿಬಂಧವನ್ನು ಅವಳು ರವಿವಾರ ಬೆಳಿಗ್ಗೆ ಓದಿದಳು. ಒತ್ತಕ್ಷರ ಅಲ್ಲಲ್ಲಿ ತಪ್ಪಿದ್ದವು, ಹೊಡೆದು ಹಾಕಿದ ಸಾಲುಗಳು ಬಹಳ ಇದ್ದವು. ‘ಹಿಂದಿನ ತಿಂಗಳು ಒಂದು ಮಧ್ಯಾಹ್ನ ನಮ್ಮ ಭಾವ ನೀಲಕಂಠಪ್ಪ ಬೋರ್ಡಿಂಗಿಗೆ ಬಂದ. ನನ್ನ ಗಂಡ ಸತ್ತ ಮೇಲೆ ಅವನೇ ಮನೆ ನಡೆಸುತ್ತಾನೆ. ಅವನ ಹೆಂಡತಿ ಬಾಣಂತಿ. ಮನೆಯಲ್ಲಿ ಮಾಡುವವರಿಲ್ಲ. ನನ್ನನ್ನು ಕರೆದುಕೊಂಡು ಹೋಗಲು ಬಂದಿದ್ದ. ನಾನು ಅಡಿಗೆಯ ಗುಡ್ಡವ್ವನ ಕೈಲಿ ನಾನಿಲ್ಲ ಎಂದು ಹೇಳಿಸಿದೆ. ಬಚ್ಚಲದ ಕಿಡಕಿಯಿಂದ ನೋಡಿದೆ. ಅವನು ಬೇವಿನ ಗಿಡದ ಕೆಳಗೆ ಬಹಳ ಹೊತ್ತು ಕೂತ. ಬುತ್ತಿ ಬಿಚ್ಚಿ ಅರ್ಧ ರೊಟ್ಟಿ ತಿಂದ. ಉಳಿದದ್ದನ್ನು ಕಟ್ಟಿ ಗುಡ್ಡವ್ವನ ಕೈಯಲ್ಲಿ ಕೊಟ್ಟು ಹೋದ. ಬಾಣಂತಿ ಅಳುತ್ತಿರಬಹುದು ಎಂದು ಅನಿಸಿತು. ಆದರೆ ಹೋದರೆ ನಾನು ತಿರುಗಿ ಬರುವುದಿಲ್ಲ. ನನಗೆ ಹಸಿವೆ ಆಗಿತ್ತು. ರೊಟ್ಟಿ ತಿಂದೆ.’ ಅಷ್ಟೇ. ತಾರಾಬಾಯಿ ಕೆಂಪು ಶಾಯಿಯ ದೌತಿಯ ಮುಚ್ಚಳ ತೆಗೆಯಲಿಲ್ಲ. ಪುಟವನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತ ಕುಳಿತಳು. ಈ ಪುಟ ರಾಯರ ಕೈಗೆ ಹೋದರೆ, ಬರೆಯಲು ಬಾರದವಳೆಂದು ಇವಳ ಹೆಸರು ಬಿಡಲು ಸಾಧ್ಯವಿಲ್ಲ. ಆದರೆ ಪಾಲಕರು ಬಂದಾಗ ಸುಳ್ಳು ಹೇಳಿಸಿದವಳನ್ನು ಬೋರ್ಡಿಂಗಿನಲ್ಲಿ ಇಟ್ಟುಕೊಳ್ಳುವ ನಿಯಮವೂ ಇಲ್ಲ. ಓಡಿ ಹೋಗಬೇಡಿರಿ ಎಂದವಳು ತಾನು. ನಿಲ್ಲಲು ಕಲಿಸಿದ ಜಾಗದಲ್ಲಿ ಹೊಂಡವಿದ್ದರೆ ಯಾರ ತಪ್ಪು?

ಸೋಮವಾರ ಪ್ರಾರ್ಥನೆಗೆ ಮೊದಲು ಅವಳು ಈರವ್ವನನ್ನು ಬಾವಿಯ ಕಟ್ಟೆಗೆ ಕರೆದಳು. “ಇದನ್ನ ಹೆಡ್‌ಮಾಸ್ತರಿಗೆ ತೋರಸಬೇಕಂತ ಮಾಡೀನಿ. ತೋರಿಸಿದ್ರ ನಿನ್ನ ಸುಳ್ಳೂ ಕಾಣಸ್ತದ. ನೀ ಬ್ಯಾಡ ಅಂದ್ರ ಇದು ನನ್ನ ಹತ್ರನ ಇರ್ತದ. ಬ್ಯಾರೆ ಏನರೆ ಹೇಳಿ ನೋಡ್ತೀನಿ.”

ಈರವ್ವ ಬಾವಿಯೊಳಗೆ ನೋಡಿದಳು. “ಛಲೋ ಬರದೇನೇನ್ರಿ?”

“ಛಲೋ ಬರದೀದಿ.”

“ಖರೇ ಹೇಳಾಕತ್ತೀರೇನ್ರಿ?”

“ಖರೇ.”

“ಹಂಗಾರ ತೋರಸ್ರಿ” ಎಂದಳು ಈರವ್ವ. “ನೀವು ನಿಮ್ದು ಎಲ್ಲಾರ ಮುಂದ ಬರದ್ರಿ. ನಂದು ಒಬ್ರ ಓದತಾರ.”

ರಾಯರು ಓದುವಾಗ ತಾರಾಬಾಯಿ ಮೇಜಿನ ಅಂಚು ಹಿಡಿದು ನಿಂತಿದ್ದಳು. ಅವರು ಓದುತ್ತ, ರೂಢಿಯಿಂದ, ಪೆನ್ಸಿಲ್ಲಿನಲ್ಲಿ ಒಂದೆರಡು ಒತ್ತಕ್ಷರ ತಿದ್ದಿದರು. ಕೊನೆಯ ಸಾಲಿನ ಹತ್ತಿರ ಪೆನ್ಸಿಲ್ಲು ನಿಂತಿತು. “ಇದಕ್ಕೊಂದು ಮುಕ್ತಾಯ ಬೇಕಲ್ಲ” ಎಂದರು. ಆಮೇಲೆ, “ಬ್ಯಾಡೇನೋ” ಎಂದು ತಮ್ಮಷ್ಟಕ್ಕೇ ಅಂದುಕೊಂಡು ಪೆನ್ಸಿಲ್ಲು ಕೆಳಗಿಟ್ಟರು. ನಶ್ಯದ ಡಬ್ಬಿಗೆ ಕೈ ಹೋಯಿತು, ತೆಗೆಯಲಿಲ್ಲ. “ಆಕೀ ಭಾವ ಮತ್ತ ಬಂದ್ರ?”

“ನಾ ಮಾತಾಡ್ತೀನ್ರಿ.”

“ಆಕಿ ಇಲ್ಲ ಅಂತ ಹೇಳಸ್ಬಾರದು.”

“ಇಲ್ರಿ. ಇದ್ದಾಳಂತನ ಹೇಳ್ತೀನಿ.”

ಮಧ್ಯಾಹ್ನ ಹೋದ ಹೆಸರುಗಳಲ್ಲಿ ಈರವ್ವನದೂ ಇತ್ತು. ಮುಂದೆ ಆಕೆ ಪಾಸಾದಳು. ಗಣಿತದಲ್ಲಿ ದಡ ಮುಟ್ಟಿದ್ದು ಕಷ್ಟದಿಂದ. ನಿಬಂಧಕ್ಕೆ ಪರೀಕ್ಷಕರು ಹೆಚ್ಚು ಅಂಕಗಳನ್ನೇನೂ ಕೊಡಲಿಲ್ಲ, ಭಾಷೆ ಸರಳವಾಯಿತೆಂದು ಅವರಿಗೆ ಅನಿಸಿರಬೇಕು. ತಾರಾಬಾಯಿಗೆ ಅದು ತಿಳಿದದ್ದು ಮಳೆಗಾಲ ಶುರುವಾದ ಮೇಲೆ, ಅಷ್ಟು ಹೊತ್ತಿಗೆ ಅವಳು ಆ ಅಂಕಗಳನ್ನು ಕಾಯುವುದನ್ನು ಬಿಟ್ಟಿದ್ದಳು. ಏಕೆಂದರೆ ಪರೀಕ್ಷೆಗೆ ಇನ್ನೂ ಸ್ವಲ್ಪ ದಿನಗಳಿರುವಾಗಲೇ ನೀಲಕಂಠಪ್ಪ ಮತ್ತೆ ಬಂದಿದ್ದ.

ತಾರಾಬಾಯಿ ಪಾಠ ಮಾಡುತ್ತಿದ್ದಳು. ಕಿಟಕಿಯಿಂದ ಗೇಟಿನ ಹತ್ತಿರ ಖಾದಿಯ ಅಂಗಿ, ತಲೆಗೆ ಸುತ್ತಿದ ವಸ್ತ್ರ ಕಂಡಿತು. ಬಳಪ ಇಟ್ಟು, ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತ ಅವಳು ವರಾಂಡಕ್ಕೆ ಬಂದಳು: ನೋಡ್ರಿ ಯಜಮಾನ್ರ, ನಿಮ್ಮ ತ್ರಾಸು ನನಗ ತಿಳೀತದ. ಅಷ್ಟರಲ್ಲಿ ಅವಳನ್ನು ದಾಟಿ ಈರವ್ವ ಮೆಟ್ಟಿಲಿಳಿದಿದ್ದಳು. ಅಂಗಳದ ಬಿಸಿಲಿನಲ್ಲಿ ಬರಿಗಾಲಿನಲ್ಲಿ, ಸೆರಗು ತಲೆಯ ಮೇಲೆಳೆದುಕೊಂಡು, ನೆಟ್ಟಗೆ ನಡೆದು ಹೋಗಿ ಅವನೆದುರು ನಿಂತಳು. ತಾರಾಬಾಯಿ ಹಿಂದೆಯೇ ಹೋದಳು. ಬೇವಿನ ಮರದ ನೆರಳಿನ ಹತ್ತಿರ ಅವಳ ಕಾಲುಗಳು ತಾವಾಗಿಯೇ ನಿಂತವು.

“ಆವತ್ತ ನಾ ಒಳಗ ಇದ್ನೋ ಭಾವ” ಎನ್ನುತ್ತಿದ್ದಳು ಈರವ್ವ. “ಇಲ್ಲ ಅಂತ ನಾನ ಹೇಳ್ಸಿದ್ದೆ.”

ನೀಲಕಂಠಪ್ಪ ವಸ್ತ್ರ ಬಿಚ್ಚಿ ಕುತ್ತಿಗೆ ಒರೆಸಿಕೊಂಡ. ಬಿಸಿಲಿಗೆ ಕಪ್ಪಿಟ್ಟ, ದಣಿದ ಮುಖ. “ಗೊತ್ತಿತ್ತು” ಎಂದ. “ಕಿಡಕ್ಯಾಗ ನಿನ್ನ ಸೀರಿ ಕಂಡಿತ್ತು.”

ಈರವ್ವ ಸೆರಗಿನ ತುದಿ ಬೆರಳಿಗೆ ಸುತ್ತಿದಳು. “ಮತ್ತ ಬುತ್ತಿ ಯಾಕ ಕೊಟ್ಟು ಹ್ವಾದಿ?”

“ಒಳಗ ಇದ್ದಿ ಅಂತ.” ಅವನಿಗೆ ಅದರಲ್ಲಿ ಕೇಳುವಂಥದ್ದೇನೂ ಕಾಣಲಿಲ್ಲ. ದೂರದಲ್ಲಿ ನಿಂತ ತಾರಾಬಾಯಿಗೆ ಕೈ ಮುಗಿದ. “ಕೂಸು ಈಗ ಛಲೋ ಐತ್ರಿ ಬಾಯಾರ. ಬಾಣಂತಿ ಅವ್ವ ಬಂದಾಳ. ನಾನೇನು ಎಳಕೊಂಡು ಹೋಗಾಕ ಬಂದಿಲ್ಲ. ಈಕಿ ಬರತಾಳೋ ಇಲ್ಲೋ ಅಂತ ಮನ್ಯಾಗ ಕೇಳತಾರ. ನಾ ಹೇಳಿದ್ರ ನಂಬೂದಿಲ್ಲ, ನಾನ ಏನೋ ಮಾಡೇನಂತಾರ. ಈಕೀ ಕೈಲೆ ಎರಡಕ್ಷರ ಬರಿಸಿ ಕೊಡ್ರಿ. ಊರಾಗ ಓದಾವ್ರು ಅದಾರ, ಓದಸ್ತೇನಿ.”

ಕಾಗದ ಬಂತು, ಟಾಕು ಬಂತು. ಈರವ್ವ ಬೇವಿನ ಬೇರಿನ ಮೇಲೆ ಕುಳಿತು, ತೊಡೆಯ ಮೇಲೆ ಪಾಟಿ ಇಟ್ಟು, ಅದರ ಮೇಲೆ ಕಾಗದ ಹರವಿದಳು. ತಾರಾಬಾಯಿಗೆ ನಾಲಗೆಯ ತುದಿಯಲ್ಲೇ ಇತ್ತು: ತೀರ್ಥರೂಪ ಸಮಾನರಾದ, ಸಾಷ್ಟಾಂಗ ನಮಸ್ಕಾರಗಳು, ಇತ್ತ ಕ್ಷೇಮ. ಅವಳು ಅದನ್ನು ನುಂಗಿಕೊಂಡಳು. ಈರವ್ವ ಒಂದು ಸಾಲು ಬರೆದು, ನೋಡಿ, ಅಡ್ಡಗೆರೆ ಎಳೆದಳು. ಮತ್ತೆ ಬರೆಯತೊಡಗಿದಳು. ನೀಲಕಂಠಪ್ಪ ಅವಳ ಕೈ ಹೋಗುವುದನ್ನೇ ಮಂಡಿಯೂರಿ ನೋಡುತ್ತಿದ್ದ. ಪುಟ ತಾರಾಬಾಯಿಯ ಕಣ್ಣಿಗೆ ಬೀಳುವಷ್ಟು ಹತ್ತಿರವಿತ್ತು. ಅವಳು ಬೆನ್ನು ತಿರುಗಿಸಿ, ವರ್ಗದ ಕಡೆಗೆ ಹೆಜ್ಜೆ ಹಾಕಿದಳು.